ದಾನಮ್ಮನವರ ನೀರನ್ನು ಬೀದಿಗೆಸೆದ ಪಂಪಿನವರಿಗೆ

ಗೆ,
ಮಾನ್ಯ ಶ್ರೀ ಬಿಲ್ಜ್ ಪಂಪಿನವರು,
ಬೋಟಿನ ಅಡಿಭಾಗ, ಹಿಂದಿನ ಮುಚ್ಚಳದ ಕೆಳಗೆ,
ಸದ್ಯ ಅಂಜನಾಪುರ, ಬೆಂಗಳೂರು.

ವಿಷಯ: ತಾವು ತೋರಿದ ಕರ್ತವ್ಯನಿಷ್ಠೆಯ ವಿರುದ್ಧ ದೂರು.

ಉಲ್ಲೇಖ: ಕಳೆದ ಏಪ್ರಿಲ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ತಾವು ನನ್ನ ಮುಖಕ್ಕೆ ಎಸೆದ ನೀರು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ವೈರು, ವಾಷರುಗಳೆಲ್ಲ ಆರೋಗ್ಯದಿಂದಿವೆಯೆಂದೂ ನಂಬಿ, ಸರ್ಕಾರಿ ಕಟ್ಟಡಗಳ ತಾರಸಿ ಸೋರದಂತೆ ನೋಡಿಕೊಳ್ಳುವ ಕೆಲಸದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾಗಿ, ಜೆ.ಪಿ. ನಗರ ಎಂಟನೇ ಹಂತದಲ್ಲಿ ಹೆಂಡತಿಯೊಡನೆ ವಾಸವಾಗಿರುವ ಬದರಿನಾಥ ಎಂಬ ನಾನು ತಮಗೆ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮ್ಮಂತಹ ದೊಡ್ಡವರಿಗೆ ಬರೆಯುವಾಗ ಭಯಭಕ್ತಿ ಇರುವುದು ಸಹಜ, ಆದರೆ ನನಗಿರುವುದು ಸಿಟ್ಟು ಎಂಬುದನ್ನು ಮೊದಲೇ ವಿನಯದಿಂದ ತಿಳಿಸಿಬಿಡುತ್ತೇನೆ.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮನ್ನು ಅರಿಯದ ನಾಲ್ಕು ಜನರೂ ಓದಬಹುದು, ಅವರಿಗಾಗಿ ತಮ್ಮ ಪರಿಚಯ ಮಾಡಿಕೊಡಬೇಕಾಗಿದೆ. ತಾವು ಬೋಟಿನ ಹೊಟ್ಟೆಯ ಅತ್ಯಂತ ಕೆಳಗೆ ಕೂತಿರುವ, ತೆಂಗಿನಕಾಯಿ ಗಾತ್ರದ ಒಂದು ಮೋಟಾರು. ಅಲೆ ಬಡಿದು ಬೋಟಿನೊಳಗೆ ನೀರು ಬಂದರೆ ತಮ್ಮ ಪಕ್ಕದ ತೇಲುಬುರುಡೆ ಮೇಲೇಳುತ್ತದೆ, ಅದು ಎದ್ದ ಕ್ಷಣವೇ ತಾವು ಯಾರ ಅಪ್ಪಣೆಗೂ ಕಾಯದೆ ನೀರನ್ನು ಬೋಟಿನ ಪಕ್ಕದ ತೂತಿನಿಂದ ಆಚೆಗೆ ಎಸೆಯುತ್ತೀರಿ. ತಮ್ಮ ಬಳಗದವರು ನಮ್ಮ ಮನೆಗಳಲ್ಲೂ ಇದ್ದಾರೆ. ಆದರೆ ಅವರು ಸಂಪಿನ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸುವ, ಅಂದರೆ ಮನೆಯ ನೀರನ್ನು ಮನೆಯಲ್ಲೇ ಉಳಿಸುವ ಸಂಸಾರಸ್ಥರು. ಇದ್ದ ನೀರನ್ನೆಲ್ಲ ಹೊರಗೆ ಹಾಕುವುದನ್ನೇ ಜೀವನದ ಗುರಿಯಾಗಿಸಿಕೊಂಡವರು ಈ ಊರಿನಲ್ಲಿ ತಾವೊಬ್ಬರೇ.

ನನಗೂ ತಮಗೂ ಸಂಬಂಧ ಬೆಳೆದದ್ದು ಒಂದು ಆಸೆಯಿಂದ. ಮೂವತ್ತಾರು ವರ್ಷ ನಾನು ನೋಡಿದ ನೀರೆಲ್ಲ ಇರಬಾರದ ಜಾಗದಲ್ಲೇ ಇತ್ತು. ಕಡತದ ಕೋಣೆಯ ಮೂಲೆಯಲ್ಲಿ, ಲಿಫ್ಟಿನ ಗುಂಡಿಯಲ್ಲಿ, ಮೇಲಧಿಕಾರಿಗಳ ಮೇಜಿನ ಮೇಲಿನ ಸೂರಿನಲ್ಲಿ. ನೀರು ಇರಬೇಕಾದ ಜಾಗದಲ್ಲಿ ಇರುವಾಗ ಅದರ ಮೇಲೆ ಒಂದು ಸಲ ಕೂತು ಬರಬೇಕೆಂದು ನನಗೆ ಬಹಳ ಆಸೆಯಾಯಿತು. ಕಡಲನ್ನು ನಾನು ಕಣ್ಣಾರೆ ಕಂಡವನಲ್ಲ. ರಜೆ ಸಿಕ್ಕಾಗಲೆಲ್ಲ ಯಾವುದಾದರೊಂದು ತಾರಸಿ ಸೋರುತ್ತಿತ್ತು. ಹೀಗಿರುವಾಗ ಹಳೇ ಸಾಮಾನು ಮಾರುವ ಮೊಬೈಲ್ ಆ್ಯಪ್‌ನಲ್ಲಿ, ಒಂದು ಸೋಫಾ ಸೆಟ್ಟಿಗೂ ಒಂದು ವ್ಯಾಯಾಮದ ಸೈಕಲ್ಲಿಗೂ ನಡುವೆ, ‘ಬಳಸಿದ ಆಫ್‌ಶೋರ್ ಸ್ಪೋರ್ಟ್‌ಫಿಶಿಂಗ್ ಬೋಟು, ಇಪ್ಪತ್ತೆಂಟು ಅಡಿ, ಕಡಿಮೆ ಓಡಿದೆ’ ಎಂಬ ಜಾಹೀರಾತು ಕಂಡಿತು.

ಆಫ್‌ಶೋರ್ ಎಂದರೆ ನಮ್ಮ ಬಡಾವಣೆಯಲ್ಲಿ ಅಮೆರಿಕದವರ ಕಂಪ್ಯೂಟರ್ ಕೆಲಸಕ್ಕಾಗಿ ಇಲ್ಲಿಯವರು ರಾತ್ರಿಯೆಲ್ಲ ಎದ್ದಿರುವುದು ಎಂದಷ್ಟೇ ಅರ್ಥ. ದಡದಿಂದ ಬಹುದೂರ ಹೋಗಿ ದೊಡ್ಡ ಮೀನುಗಳೊಡನೆ ಸೆಣಸುವ ಶ್ರೀಮಂತರ ದೋಣಿಗೂ ಇದೇ ಹೆಸರೆಂದು ತಿಳಿದಾಗ ನನ್ನ ಹೆಂಡತಿ ಚೂಡಾಮಣಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಈರುಳ್ಳಿಯನ್ನೂ ದಿನ ನೋಡಿ ತಿನ್ನುವ ಮನೆ ನಮ್ಮದು. ಮೀನನ್ನು ಹಿಡಿದ ಮೇಲೆ ಮತ್ತೆ ನೀರಿಗೇ ಬಿಡುವ ಪದ್ಧತಿಯೂ ಈ ಕ್ರೀಡೆಯಲ್ಲಿ ಇದೆಯೆಂದು ನಾನು ವಿವರಿಸಿದೆ. “ವಾಪಸ್ ಬಿಡೋದಾದ್ರೆ ಹಿಡಿಯೋದ್ಯಾಕೆ ರೀ, ಅದರ ಪಾಡಿಗೆ ಅದು ಅಲ್ಲೇ ಇರ್ಲಿ ಬಿಡಿ” ಎಂದಳು. ಮೂವತ್ತಾರು ವರ್ಷದ ಸೇವೆಯಲ್ಲಿ ಇಷ್ಟು ನೇರವಾದ ಆಕ್ಷೇಪಣೆಯನ್ನು ಯಾವ ಆಡಿಟರೂ ನನಗೆ ಬರೆದಿರಲಿಲ್ಲ.

ಬೋಟಿನ ಮಾಲೀಕರು ಬನಶಂಕರಿಯ ಶಶಿಕಾಂತ್ ಎಂಬುವರು. ಕನಕಪುರ ರಸ್ತೆಯಲ್ಲಿ ಕಡಲೂಟದ ಹೋಟೆಲೊಂದನ್ನು ತೆರೆದು, ಅದರ ಮುಂದೆ ಅಲಂಕಾರಕ್ಕೆ ನಿಲ್ಲಿಸಲು ಮಲ್ಪೆ ಕಡೆಯಿಂದ ಈ ಬೋಟನ್ನು ಟ್ರೈಲರಿನ ಮೇಲೆ ತರಿಸಿದ್ದರಂತೆ. ಹೋಟೆಲು ಮುಳುಗಿತು, ಬೋಟು ಉಳಿಯಿತು. ನಾನು ಮೂರು ದಿನ ಹೋಗಿ ಅದನ್ನು ಪರೀಕ್ಷಿಸಿದೆ. ಟೈಲ್ಸ್ ಕೆಳಗೆ ಪೊಳ್ಳಿದೆಯೇ ಎಂದು ನೋಡುವಂತೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿದೆ, ರಸಮಟ್ಟ ಇಟ್ಟೆ, ತೂಗುಗುಂಡು ಬಿಟ್ಟೆ. ಬೋಟಿನಲ್ಲಿ ನೇರವಾದ ಗೋಡೆ ಒಂದೂ ಇಲ್ಲದಿದ್ದುದರಿಂದ ಕಂಟ್ರಾಕ್ಟರ್ ಯಾರೆಂದು ಕೇಳಿದೆ. ಕೊನೆಗೆ, ಇಂಥವನ್ನು ಕೊಳ್ಳುವವರು ಕಡಲಿನಲ್ಲಿ ಓಡಿಸಿ ನೋಡುತ್ತಾರೆಂದು ಓದಿದ್ದೇನೆ ಎಂದಾಗ ಶಶಿಕಾಂತ್ ಕೈ ಮುಗಿದು, “ಸಾರ್, ಸಮುದ್ರ ಎಲ್ಲಿಂದ ತರ್ಲಿ? ಬೇಕಾದ್ರೆ ಸೋಮವಾರದವರೆಗೆ ನಿಮ್ ಮನೆ ಹತ್ರಾನೇ ಇಟ್ಕೊಂಡು ನೋಡಿ. ಇಷ್ಟ ಆದ್ರೆ ತಗೊಳ್ಳಿ, ಇಲ್ಲ ಅಂದ್ರೆ ಬೇರೆಯವ್ರು ಕೇಳ್ತಿದಾರೆ” ಎಂದರು. ಶುಕ್ರವಾರ ಸಂಜೆ ಬೋಟು ನಮ್ಮ ಮನೆಗೂ ಪಕ್ಕದ ದಾನಮ್ಮನವರ ಮನೆಗೂ ನಡುವಿನ ಖಾಲಿ ಸೈಟಿಗೆ ಬಂದು ನಿಂತಿತು.

ಚೂಡಾಮಣಿ ಅದನ್ನು ಒಂದು ಸುತ್ತು ಹಾಕಿ ಬಂದು ತೀರ್ಪು ಕೊಟ್ಟಳು. “ನಿಮ್ಮ ಜೀವ ಹೊತ್ಕೊಂಡು ನೀರಿನ ಮೇಲೆ ಹೋಗೋದು ಇದು. ಒಂದು ಹನಿ ಸೋರಿದ್ರೂ ಬೋಟು ವಾಪಸ್. ಸೋರ್ಲಿಲ್ಲ ಅಂದ್ರೆ ಸೋಮವಾರ ಹೂಂ ಅಂತೀನಿ.” ಮಾನ್ಯರೇ, ನನ್ನ ಕಡಲು ಈ ಒಂದು ಹನಿಯ ಮೇಲೆ ನಿಂತಿತ್ತೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಸೋರುವುದನ್ನು ಪತ್ತೆ ಹಚ್ಚುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ವಿಭಾಗದಲ್ಲಿ ಇರಲಿಲ್ಲವಾದ್ದರಿಂದ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ತಾರಸಿ ಸೋರುತ್ತದೆಯೇ ಎಂದು ತಿಳಿಯಲು ಈ ಊರಿನ ಪ್ರತಿಯೊಬ್ಬ ಮೇಸ್ತ್ರಿಗೂ ಗೊತ್ತಿರುವ ವಿಧಾನ ಒಂದೇ. ಸುತ್ತ ಕಟ್ಟೆ ಕಟ್ಟಿ, ನೀರು ತುಂಬಿಸಿ, ಇಪ್ಪತ್ನಾಲ್ಕು ಗಂಟೆ ನಿಲ್ಲಿಸಿ, ಕೆಳಗೆ ಹೋಗಿ ಮೇಲೆ ನೋಡುವುದು. ಒಳಗೆ ತುಂಬಿದ ನೀರು ಹೊರಗೆ ಬಾರದಿದ್ದರೆ ಹೊರಗಿನ ನೀರು ಒಳಗೂ ಬರಲಾರದು ಎಂಬ ತರ್ಕದಲ್ಲಿ ತಪ್ಪೇನಿದೆ, ತಾವೇ ಹೇಳಿ. ಕಡಲಿಗೆ ಬೋಟನ್ನು ಇಳಿಸಲು ಆಗದಿದ್ದರೆ ಕಡಲನ್ನು ಬೋಟಿಗೆ ಇಳಿಸಿದರಾಯಿತು ಎಂದು ನಿರ್ಧರಿಸಿದೆ. ಕೊರತೆಯಿದ್ದದ್ದು ನೀರಿನದು ಮಾತ್ರ. ಅದು ಏಪ್ರಿಲ್; ನಮ್ಮ ಬೀದಿಯ ಬೋರು ಬತ್ತಿ ಮೂರು ವಾರವಾಗಿತ್ತು, ಮನುವಿನ ಟ್ಯಾಂಕರು ಸರದಿಯ ಮೇಲೆ ಮನೆಮನೆಗೆ ಬರುತ್ತಿತ್ತು, ನಮ್ಮ ಸರದಿಗೆ ಇನ್ನೂ ಐದು ದಿನವಿತ್ತು.

ಆಗ ದೈವ ನನ್ನ ಕಡೆಗೆ ನೋಡಿ ನಕ್ಕಿತು ಎಂದುಕೊಂಡೆ. ದಾನಮ್ಮನವರ ಮಗಳು ಮೇಘಶ್ರೀಯ ಸೀಮಂತ ಭಾನುವಾರ. ನೂರಿಪ್ಪತ್ತು ಜನರ ಊಟ. ಅದಕ್ಕೆಂದು ಕಾಯ್ದಿರಿಸಿದ್ದ ನಾಲ್ಕು ಸಾವಿರ ಲೀಟರಿನ ಟ್ಯಾಂಕರು ಶನಿವಾರ ಸಂಜೆ ಬರಬೇಕಾದದ್ದು ಬೆಳಿಗ್ಗೆಯೇ ಬಂದುಬಿಟ್ಟಿತು, ದಾನಮ್ಮನವರ ಸಂಪೋ ತೊಳೆದು ಸುಣ್ಣ ಬಳಿಸಿಕೊಂಡು ಒಣಗುತ್ತಿತ್ತು. ಮನು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಾ, “ಬೇಗ ಹೇಳಿ ಆಂಟಿ, ಇಳಿಸ್ಲಾ, ಬೇರೆ ಕಡೆ ಹೋಗ್ಲಾ? ಮತ್ತೆ ಬುಧವಾರಾನೇ ನಾನು ಬರೋದು” ಎನ್ನುತ್ತಿದ್ದ. ನಾನು ಗೇಟಿನ ಬಳಿ ಹೋಗಿ, ದಾನಮ್ಮನವರ ನೀರಿಗೆ ಒಂದು ರಾತ್ರಿ ನನ್ನ ಬೋಟಿನಲ್ಲಿ ವಸತಿ ಕೊಡುತ್ತೇನೆ, ಬೆಳಿಗ್ಗೆ ಒಂದು ಹನಿಯೂ ಕಡಿಮೆಯಿಲ್ಲದೆ ಅವರ ಸಂಪಿಗೆ ಇಳಿಸುತ್ತೇನೆ ಎಂದು ಮಾತು ಕೊಟ್ಟೆ. ರಾಣೆಬೆನ್ನೂರಿನಿಂದ ಬಂದು ಹತ್ತು ವರ್ಷವಾದರೂ ಈ ಊರಿನ ಮಾತಿನಲ್ಲಿ ಅವರಿಗೆ ಅಷ್ಟಾಗಿ ನಂಬಿಕೆಯಿಲ್ಲ. “ನಾಳಿ ಮುಂಜಾನೆ ಏಳಕ್ಕ ನನ್ನ ನೀರು ನನಗ ಬೇಕ್ರಿ ಸರ. ಬಸುರಿ ಹೆಂಗಸಿನ ಕಾರ್ಯ ಐತಿ” ಎಂದರು. ನಾನು ನಿವೃತ್ತ ಕಾರ್ಯಪಾಲಕ ಅಭಿಯಂತರನ ಗಾಂಭೀರ್ಯದಿಂದ ತಲೆಯಾಡಿಸಿದೆ.

ಟ್ರೈಲರಿನ ಕೆಳಗೆ ಸೈಜುಗಲ್ಲು ಕೊಟ್ಟು, ಬೋಟಿನ ತೂತುಗಳಿಗೆಲ್ಲ ಹಳೇ ಪಂಚೆ ತುರುಕಿ, ಒಂಬತ್ತೂವರೆಗೆ ನೀರು ತುಂಬಿಸಿದೆವು. (ತಮ್ಮ ತೂತನ್ನು ಮಾತ್ರ, ಅದು ಎತ್ತರದಲ್ಲಿದ್ದುದರಿಂದ, ಗಾಳಿಗಿರಬೇಕೆಂದು ಭಾವಿಸಿ ಬಿಟ್ಟೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.) ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೊಟ್ಟೆಯ ಮೇಲೆ ತೆವಳಿ ಬೋಟಿನ ಕೆಳಗೆ ಸೇರಿಕೊಂಡೆ. ಒಂದೂವರೆ ಗಂಟೆ ಅಂಗಾತ ಮಲಗಿ ನೋಡಿದೆ. ಒಂದು ಹನಿಯಿಲ್ಲ, ಒಂದು ಬೆವರಿಲ್ಲ. ಇಂಥ ತಾರಸಿಯನ್ನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಎದ್ದು ಬಂದು ಇಲಾಖೆಯ ನಮೂನೆಯಲ್ಲೇ ‘ಸೋರಿಕೆ: ಇಲ್ಲ’ ಎಂದು ಬರೆದು, ಸಹಿ ಹಾಕಿ, ಮಧ್ಯಂತರ ವರದಿಯ ಫೋಟೋವನ್ನು ಶಶಿಕಾಂತ್‌ಗೆ ಕಳಿಸಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಅಷ್ಟರಲ್ಲಿ ಸೀಮಂತಕ್ಕೆ ಬಂದಿದ್ದ ನೆಂಟರು, ಬೀದಿಯವರು ಎಲ್ಲ ಸೇರಿದ್ದರು. ಬೋಟಿಗೆ ಹಾರ್ನು ಇದೆಯೇ ಎಂದು ಯಾರೋ ಕೇಳಿದರು. ಇದೆ ಎಂದು ತೋರಿಸುವ ಹುರುಪಿನಲ್ಲಿ ನಾನು ಬ್ಯಾಟರಿಯ ವೈರನ್ನು ಸಿಕ್ಕಿಸಿ ಬಿಗಿ ಮಾಡಿದೆ. ಹಾರ್ನು ಬಾರಿಸಲು ನನ್ನ ಬೆರಳು ಗುಂಡಿ ಮುಟ್ಟುವ ಮೊದಲೇ ಎಲ್ಲಿಂದಲೋ ಗೊರ್ ಎಂಬ ಸದ್ದು ಬಂತು. ತಾವು ಎಚ್ಚೆತ್ತಿದ್ದಿರಿ.

ತಮ್ಮ ದೃಷ್ಟಿಯಿಂದ ನೋಡಿದರೆ, ತಾವು ಕಣ್ಣು ಬಿಟ್ಟಾಗ ಬೋಟಿನೊಳಗೆ ನಾಲ್ಕು ಸಾವಿರ ಲೀಟರ್ ನೀರು. ಬೋಟು ಮುಳುಗಿದೆ, ಒಳಗಿದ್ದವರ ಪ್ರಾಣ ತಮ್ಮ ಕೈಯಲ್ಲಿದೆ ಎಂದು ತಾವು ತಿಳಿದುಕೊಂಡಿರಿ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಸೆಯುವ ಮೊದಲು ಒಮ್ಮೆ ಹೊರಗೆ ಇಣುಕಿ, ಎದುರಿಗೆ ಕಾಣುವುದು ಸಮುದ್ರವೋ ಬಡಾವಣೆ ಸಂಘದ ಸೂಚನಾ ಫಲಕವೋ ಎಂದು ನೋಡಬಹುದಿತ್ತು. ಸಂಘದ ಅಧ್ಯಕ್ಷೆ ವಿಜಯಲಕ್ಷ್ಮಿಯವರು ಹಿಂದಿನ ದಿನವಷ್ಟೇ ಸ್ವಂತ ಕೈಬರಹದಲ್ಲಿ ‘ಒಂದು ಹನಿ ನೀರೂ ಪೋಲಾಗಬಾರದು’ ಎಂದು ಬರೆದು ನಿಲ್ಲಿಸಿದ್ದ ಹಲಗೆಗೆ ತಾವು ಹತ್ತಡಿ ದೂರದಿಂದ, ಹೆಬ್ಬೆರಳು ಗಾತ್ರದ ಧಾರೆಯಲ್ಲಿ, ಗುರಿ ತಪ್ಪದೆ ಅಭಿಷೇಕ ಮಾಡಿದಿರಿ. ಮೊದಲು ‘ಪೋಲಾಗಬಾರದು’ ಅಳಿಸಿಹೋಯಿತು, ಆಮೇಲೆ ಹಲಗೆಯೇ ಹೋಯಿತು.

ನಾನು ತೂತಿಗೆ ಹೆಬ್ಬೆರಳು ಒತ್ತಿದೆ. ಉಲ್ಲೇಖದಲ್ಲಿ ಹೇಳಿರುವ ನೀರು ನನ್ನ ಮುಖಕ್ಕೆ ಬಂದದ್ದು ಆಗಲೇ. ಇದ್ದ ಸ್ವಿಚ್ಚುಗಳನ್ನೆಲ್ಲ ಒತ್ತಿದೆ; ಒಂದಕ್ಕೆ ದೀಪ ಹತ್ತಿತು, ಒಂದಕ್ಕೆ ಹಾರ್ನು ಹೊಡೆಯಿತು, ನೆಂಟರು ಚಪ್ಪಾಳೆ ತಟ್ಟಿದರು. ಶಶಿಕಾಂತ್ ನಾಲ್ಕನೇ ಸಲಕ್ಕೆ ಫೋನ್ ಎತ್ತಿ, “ಅದಕ್ಕೆ ಸ್ವಿಚ್ ಇಲ್ಲ ಸಾರ್, ಡೈರೆಕ್ಟು ಬ್ಯಾಟರಿ. ಸಮುದ್ರದಲ್ಲಿ ಅದನ್ನ ಯಾರೂ ಆಫ್ ಮಾಡಲ್ವಲ್ಲ” ಎಂದರು. ಬಿಗಿ ಮಾಡಿದ್ದ ವೈರನ್ನು ಬಿಚ್ಚಲು ಹೋದರೆ ಗಡಿಬಿಡಿಯಲ್ಲಿ ಸ್ಪ್ಯಾನರು ನನ್ನ ಕೈಜಾರಿ, ಬೇರೆಲ್ಲೂ ಅಲ್ಲ, ಬೋಟಿನ ನೀರಿನೊಳಗೇ ಬಿತ್ತು. ಅದು ಮತ್ತೆ ಕಣ್ಣಿಗೆ ಕಂಡದ್ದು ತಾವು ಕೊನೆಯ ಲೋಟದಷ್ಟು ನೀರನ್ನೂ ಎಸೆದು, ತಾವಾಗಿಯೇ ತೃಪ್ತಿಯಿಂದ ನಿಂತ ಮೇಲೆ. ಒಟ್ಟು ನಲವತ್ತೊಂದು ನಿಮಿಷ. ಕರೆಯದೆ ಬಂದು, ಹೇಳಿದ್ದಕ್ಕಿಂತ ಮೊದಲೇ ಕೆಲಸ ಮುಗಿಸಿ, ಬಿಲ್ಲು ಕೊಡದೆ ಕೂತವರನ್ನು ನಾನು ಸರ್ಕಾರಿ ಸೇವೆಯಲ್ಲಿ ಒಬ್ಬರನ್ನೂ ಕಂಡಿಲ್ಲ. ತಮಗೆ ಸನ್ಮಾನವಾಗಬೇಕು.

ಸಮಾಧಾನದ ಸಂಗತಿಯೆಂದರೆ, ಈ ನಲವತ್ತೊಂದು ನಿಮಿಷದಲ್ಲಿ ಇಡೀ ಬೀದಿ ಕೊಡ, ಬಕೆಟ್ಟು, ಕುಕ್ಕರು, ಕಸದ ಡಬ್ಬಿ ಹಿಡಿದು ತಮ್ಮ ಮುಂದೆ ಸಾಲು ನಿಂತಿತ್ತು. ಮೂರು ವಾರದಿಂದ ಸ್ನಾನವನ್ನು ದಿನ ಬಿಟ್ಟು ದಿನ ಮಾಡುತ್ತಿದ್ದವರ ಮುಖದ ಮೇಲೆ ಆ ಹೊತ್ತು ಕಂಡ ಸಂತೋಷವನ್ನು ವರ್ಣಿಸಲಾರೆ. ಆದರೂ ಅರ್ಧದಷ್ಟು ಚರಂಡಿಗೆ ಹೋಯಿತು. ಅದು ರಾಜಕಾಲುವೆ ಸೇರಿ, ಕೆರೆ ಸೇರಿ, ಹೊಳೆ ಸೇರಿ, ಈ ಹೊತ್ತಿಗೆ ಬಂಗಾಳ ಕೊಲ್ಲಿಯನ್ನು ಮುಟ್ಟಿರಬೇಕು. ನಾನು ಹೋಗಬೇಕೆಂದಿದ್ದ ಕಡಲಿಗೆ ದಾನಮ್ಮನವರ ನೀರು ನನಗಿಂತ ಮೊದಲೇ ಹೋಯಿತು.

ದಾನಮ್ಮನವರು ಕೂಗಾಡಲಿಲ್ಲ. ಖಾಲಿ ಬೋಟಿನೊಳಗೆ ಬಗ್ಗಿ ನೋಡಿ, “ಹೊಟ್ಟ್ಯಾಗಿನ ಕೂಸಿಗ ಈ ಕಥಿ ಹೇಳಬೇಕಾತಲ್ರಿ ಸರ” ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮಧ್ಯಾಹ್ನ ಚೂಡಾಮಣಿ ಮನೆಮನೆಗೆ ಹೋಗಿ ಹೇಳಿ ಬಂದಳು. ಭಾನುವಾರ ಬೆಳಿಗ್ಗೆ ಏಳಕ್ಕೆ, ಹಿಂದಿನ ದಿನ ತುಂಬಿಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ದಾನಮ್ಮನವರ ಮನೆಗೆ ಬಂದು ಬಕೆಟ್ಟುಗಳನ್ನು ಇಳಿಸಿದರು. ಸೀಮಂತಕ್ಕೆ ಬಳೆ, ರವಿಕೆ ಬಟ್ಟೆಯ ಜೊತೆ ನೀರಿನ ಉಡುಗೊರೆ ಬಂದದ್ದು ನಮ್ಮ ಬೀದಿಯಲ್ಲಿ ಅದೇ ಮೊದಲು. ನೂರಿಪ್ಪತ್ತು ಜನರ ಊಟ ಸಾಂಗವಾಗಿ ಆಯಿತು. ವಿಜಯಲಕ್ಷ್ಮಿಯವರು ತಂದದ್ದು ಅರ್ಧ ಬಕೆಟ್ಟು. ಅವರು ತುಂಬಿಸಿಕೊಂಡದ್ದು ಎರಡು ಡ್ರಮ್ಮು ಎಂಬುದಕ್ಕೆ ನಾನೇ ಸಾಕ್ಷಿ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೆಲವು ಅಲ್ಪ ಕೋರಿಕೆಗಳು. ತಾವು ದಯಮಾಡಿ ಬಂಗಾಳ ಕೊಲ್ಲಿಗೆ ತೆರಳಿ, ಅಲ್ಲಿ ದಾನಮ್ಮನವರ ಎರಡು ಸಾವಿರ ಲೀಟರನ್ನು ಗುರುತಿಸಿ, ಉಪ್ಪು ಬಿಡಿಸಿ, ಮರಳಿ ಎಸೆಯಬೇಕು, ಜೆ.ಪಿ. ನಗರದವರೆಗೆ ತಮ್ಮ ಧಾರೆ ಮುಟ್ಟುತ್ತದೆಂಬ ಭರವಸೆ ನನಗಿದೆ. ಮಳೆಗಾಲದಲ್ಲಿ ಊರಿನ ಅಂಡರ್‌ಪಾಸುಗಳಲ್ಲಿ ಬಸ್ಸುಗಳು ಈಜುವಾಗ ಮಾತ್ರ ಎಚ್ಚೆತ್ತು, ಏಪ್ರಿಲ್‌ನಲ್ಲಿ ನಿದ್ರಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಸಾಧ್ಯವಾದರೆ ನನ್ನ ಹಳೆಯ ವಿಭಾಗಕ್ಕೆ ಮುಖ್ಯಸ್ಥರಾಗಿ ಬರಬೇಕು. ತಮ್ಮ ತೇಲುಬುರುಡೆಯಲ್ಲಿ ಇರುವಷ್ಟು ಜವಾಬ್ದಾರಿಯುಳ್ಳ ತಲೆಯ ಜಾಗ ಅಲ್ಲಿ ಸದ್ಯಕ್ಕೆ ಖಾಲಿ ಇದೆ.

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ. ಶನಿವಾರ, ಭಾನುವಾರ ಎರಡು ದಿನವೂ ನಾನು ಚೂಡಾಮಣಿಯ ಹಿಂದೆ ಹಿಂದೆ ತಿರುಗುತ್ತಾ, ನೀರು ಸೋರಲಿಲ್ಲ, ಅದನ್ನು ಎಸೆಯಲಾಯಿತು, ಸೋರಿಕೆ ಬೇರೆ ವಿಸರ್ಜನೆ ಬೇರೆ ಎಂದು ವಾದಿಸಿದೆ. ಅವಳು ಬಕೆಟ್ಟುಗಳ ಲೆಕ್ಕ ಹಾಕುತ್ತಲೇ ಇದ್ದಳು. ಸೋಮವಾರ ಕಾಫಿ ಲೋಟ ಮುಂದಿಟ್ಟು, “ಯೋಚನೆ ಮಾಡ್ದೆ. ಹನಿ ಸೋರಿದ್ರೆ ಬೇಡ ಅಂದಿದ್ದೆ, ಹನಿ ಸೋರ್ಲಿಲ್ಲ. ಮಾತು ಮಾತೇ. ತಗೊಳ್ಳಿ, ಹೂಂ” ಎಂದಳು. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದೆ. ಸೈಟು ಖಾಲಿಯಿತ್ತು. ಸೈಜುಗಲ್ಲುಗಳು ಮಾತ್ರ ಉಳಿದಿದ್ದವು.

ಶನಿವಾರ ಜನರ ನಡುವೆ ನಿಂತು ಎಲ್ಲವನ್ನೂ ನೋಡಿದ್ದವನು ಮನು. ಅವನ ಟ್ಯಾಂಕರು ಮೂರು ಕಡೆ ಸೋರುತ್ತಿತ್ತಂತೆ. ಶಶಿಕಾಂತ್ ಅವನಿಗೆ ನನ್ನದೇ ವರದಿಯನ್ನು ತೋರಿಸಿದರಂತೆ. ಸೋರಿಕೆ ಇಲ್ಲ, ಸಹಿ ಬದರಿನಾಥ. ಮನು ಬೋಟನ್ನು ಕೊಂಡು, ಸೋಮವಾರ ಬೆಳಿಗ್ಗೆ ಆರಕ್ಕೇ ಬಂದು ಎಳೆದುಕೊಂಡು ಹೋಗಿದ್ದ. ಫೋನ್ ಮಾಡಿದಾಗ, “ತಪ್ಪು ತಿಳ್ಕೋಬೇಡಿ ಸಾರ್, ನಿಮ್ ಮನೇಲಿ ಬೇಡ ಅಂತಾರೆ ಅಂದ್ಕೊಂಡೆ. ಒಂದ್ ಹನೀನೂ ಬಿಡಲ್ಲ, ಬೇಕಾದಾಗ ತಾನೇ ಖಾಲಿ ಮಾಡತ್ತೆ. ನೀರು ಸಪ್ಲೈಗೆ ಸಖತ್ ಗಾಡಿ ಸಾರ್” ಎಂದ. ನಾನು ಪರೀಕ್ಷೆ ಮಾಡಿ ತೋರಿಸದಿದ್ದರೆ, ತಾವು ಎಸೆದು ತೋರಿಸದಿದ್ದರೆ, ಅವನಿಗೆ ಈ ಬುದ್ಧಿ ಹೊಳೆಯುತ್ತಿರಲಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ನಡುಬೀದಿಯಲ್ಲಿ ನಿಂತು ಅತ್ತೆ ಎಂದು ತಮಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ನನ್ನ ಬೋಟು ಅಂಜನಾಪುರದ ಬೋರಿನಲ್ಲಿ ನೀರು ತುಂಬಿಕೊಂಡು, ಮನುವಿನ ಟ್ರ್ಯಾಕ್ಟರಿನ ಹಿಂದೆ ಬಡಾವಣೆಗಳನ್ನು ಸುತ್ತುತ್ತಿದೆ. ಅವನಿಗೂ ಪಾಪಪ್ರಜ್ಞೆ ಕಾಡಿರಬೇಕು, ಗುರುವಾರದ ಟ್ರಿಪ್ಪಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಾನೆ. ಬೋಟಿನ ಹಿಂಭಾಗದಲ್ಲಿ, ದೊಡ್ಡ ಮೀನಿನೊಡನೆ ಸೆಣಸುವವನಿಗೆಂದೇ ಬೆಲ್ಟು ಸಮೇತ ಜೋಡಿಸಿದ ಒಂದು ಕುರ್ಚಿಯಿದೆ, ಅದರ ಮುಖ ಹಿಂದಕ್ಕೆ. ಅದರಲ್ಲಿ ಕೂತು ಅಂಜನಾಪುರದಿಂದ ನಮ್ಮ ಮನೆಯವರೆಗೆ ಹಿಮ್ಮುಖವಾಗಿ ಬರುತ್ತೇನೆ. ಹಿಂದೆ ಬರುವ ಸ್ಕೂಟರಿನವರು ನನ್ನನ್ನು ನೋಡುತ್ತಾರೆ, ನಾನು ಅವರನ್ನು ನೋಡುತ್ತೇನೆ. ಕಳೆದ ಗುರುವಾರ ಚೂಡಾಮಣಿಯೂ ಸೆರಗು ಸಿಕ್ಕಿಸಿಕೊಂಡು ಹತ್ತಿ ಪಕ್ಕದಲ್ಲಿ ಕೂತಳು. ಹಂಪು ಬಂದಾಗ ಬೋಟು ಏರಿ ಇಳಿಯಿತು, ಕೆಳಗೆ ನಾಲ್ಕು ಸಾವಿರ ಲೀಟರು ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳಿತು. ಅವಳು ನನ್ನ ತೋಳು ಹಿಡಿದುಕೊಂಡು, “ಸಮುದ್ರಾನೂ ಹಿಂಗೇ ಇರತ್ತೇನ್ರೀ?” ಎಂದು ಕೇಳಿದಳು. ನಾನು ಸ್ವಲ್ಪ ಯೋಚಿಸಿ, ಹೀಗೇ ಇರುತ್ತದೆ, ನೀರು ಮಾತ್ರ ಹೊರಗಡೆ ಇರುತ್ತದೆ ಎಂದೆ.

ತಮ್ಮಿಂದ ಆಪಾದಮಸ್ತಕ ತೊಯ್ದರೂ
ತಮ್ಮ ವಿಶ್ವಾಸಿ,
ಬದರಿನಾಥ

ವಿ.ಸೂ.: ನಿನ್ನೆ ನಮ್ಮ ಸರದಿಯ ನೀರು ಬಂದಾಗ ತಾವು ಕೆಟ್ಟು ಕೂತಿದ್ದಿರಿ, ನಾನು, ಚೂಡಾಮಣಿ, ಮನು ಮೂವರೂ ಸೇರಿ ನಾಲ್ಕು ಸಾವಿರ ಲೀಟರನ್ನು ಚೊಂಬಿನಲ್ಲಿ ಮೊಗೆದು ಸಂಪಿಗೆ ಸುರಿದೆವು. ಯಾರೂ ಬೇಡದಿದ್ದಾಗ ನಲವತ್ತೊಂದು ನಿಮಿಷದಲ್ಲಿ ಮುಗಿಸಿದವರು, ಅದೇ ಕೆಲಸಕ್ಕೆ ನೇಮಕವಾದ ಎರಡನೇ ತಿಂಗಳಿಗೇ ಹೀಗೆ ಮಾಡಬಹುದೇ ಎಂದು ಮೊದಲು ಆಶ್ಚರ್ಯವಾಯಿತು. ಆಮೇಲೆ, ಮನು ತಮ್ಮನ್ನು ಕಾಯಂ ಮಾಡಿದ್ದಾನೆಂದು ತಿಳಿದು ಎಲ್ಲವೂ ಅರ್ಥವಾಯಿತು.